ಕೆಳಗೆ ನೋಡುವ ಕಣ್ಣು

ಅವನು ಬಿದ್ದ ಜಾಗದ ಮೇಲೆ ಹೂಕುಂಡ ಇಟ್ಟಿದ್ದರು.

ಮೊನ್ನೆ ಅಲ್ಲಿ ರಕ್ತ ಇತ್ತು. ನಿನ್ನೆ ನೀರಿನ ಲಾರಿ ತಂದು ತೊಳೆದರು. ಕಲ್ಲಿನ ಸಂದಿಯಲ್ಲಿ ಕೂತದ್ದು ಹೋಗಲಿಲ್ಲ. ಇವತ್ತು ಅದರ ಮೇಲೆ ಕುಂಡ. ಕೆಂಪು ಹೂವು, ಹಳದಿ ಹೂವು. ಸಂಜೆ ನಾಯಕರು ಬರುವವರಿದ್ದರು, ದಾರಿ ಚೆನ್ನಾಗಿ ಕಾಣಬೇಕಲ್ಲ. ಸತ್ತವನು ನನ್ನ ಗಂಡ. ನಾನು ರಸ್ತೆಯ ಈಚೆ ಬದಿ, ಟೀ ಅಂಗಡಿಯ ಮುಂದೆ ನಿಂತು ಆ ಹೂವುಗಳನ್ನು ನೋಡುತ್ತಿದ್ದೆ. ಅವನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಗಿಸಿಕೊಡಲು ನನ್ನನ್ನು ಕರೆಸಿದ್ದರು.

ನಾವು ಗೋಡೆಗೆ ಚಿತ್ರ ಬರೆಯುವವರು. ಸೋಪಿನ ಚಿತ್ರ, ಸಿಮೆಂಟಿನ ಚಿತ್ರ, ನಗುವ ಮಗುವಿನ ಚಿತ್ರ, ಚುನಾವಣೆ ಹತ್ತಿರ ಬಂದರೆ ನಾಯಕರ ಮುಖ. ತಾರಸಿಯಿಂದ ಹಗ್ಗ ಇಳಿಬಿಟ್ಟು, ಹಗ್ಗಕ್ಕೆ ಹಲಗೆ ಕಟ್ಟಿ, ಹಲಗೆಯ ಮೇಲೆ ಕೂತು ಬರೆಯಬೇಕು. ಹಾಗೆ ನೇತಾಡುವವನಿಗೆ ತಾನು ಬರೆಯುತ್ತಿರುವುದು ಏನೂ ಕಾಣುವುದಿಲ್ಲ. ಮೂಗಿನ ಹೊಳ್ಳೆಯೇ ಅವನಷ್ಟು ಎತ್ತರ ಇರುತ್ತದೆ. ಅವನ ಕಣ್ಣಿಗೆ ಬೀಳುವುದು ಬಣ್ಣ, ಮುಖವಲ್ಲ. ಮುಖ ಕಾಣುವುದು ರಸ್ತೆಯಾಚೆ ನಿಂತವರಿಗೆ. ಅದಕ್ಕೇ ಕೆಳಗೊಬ್ಬರು ಬೇಕು. ಅವರು ಸನ್ನೆ ಮಾಡಬೇಕು, ಮೇಲಿನವನು ಆ ಸನ್ನೆಯ ಮೇಲೆ ಕೈಯಾಡಿಸಬೇಕು.

ನಾನು ಆ ಕೆಳಗಿನವಳು. ಗೋಡೆ ಕೆಲಸದವರೆಲ್ಲ ನನ್ನನ್ನು ಹಾಗೇ ಕರೆಯುತ್ತಾರೆ.

ಎಡಗೈ ಚಾಚಿದರೆ ಎಡಕ್ಕೆ, ಬಲಗೈ ಚಾಚಿದರೆ ಬಲಕ್ಕೆ. ಅಂಗೈ ತಗ್ಗಿಸಿದರೆ ಕೆಳಕ್ಕೆ. ತಲೆಯ ಮೇಲೆ ಕೈ ಎತ್ತಿ ಅಲ್ಲಾಡಿಸಿದರೆ ಇನ್ನೊಂದು ಚೂರು. ಎರಡೂ ಕೈ ಎದೆಯ ಮೇಲಿಟ್ಟರೆ ಸರಿ ಇದೆ, ಇನ್ನು ಮುಟ್ಟಬೇಡ. ಅವನು ಮೇಲಿನಿಂದ ಬ್ರಷ್ಷಿನ ಹಿಡಿಯಲ್ಲಿ ಬಣ್ಣದ ಡಬ್ಬಕ್ಕೆ ಎರಡು ಸಲ ಬಡಿಯುತ್ತಿದ್ದ. ಟಕ್ ಟಕ್. ಹೇಗಿದೆ ಅಂತ ಅರ್ಥ. ಕತ್ತು ಹೊರಳಿಸಿ ನನ್ನ ಕಡೆ ನೋಡುತ್ತಿದ್ದ. ನಾನು ಕೈ ಆಡಿಸುತ್ತಿದ್ದೆ.

"ಹೆಂಡ್ತಿ ಕೈಸನ್ನೆಗೆ ಕುಣಿಯೋ ಗಂಡಸು" ಅಂತ ಜೊತೆಯವರು ಅವನನ್ನು ಗೇಲಿ ಮಾಡುತ್ತಿದ್ದರು.

"ಕುಣಿಯದಿದ್ರೆ ನಾಯಕರ ಮೂಗು ಕಿವಿಗೆ ಹೋಗುತ್ತೆ ಕಣ್ರೋ" ಅನ್ನುತ್ತಿದ್ದ. ಮನೆಗೆ ಬಂದ ಮೇಲೆ ನನ್ನನ್ನು ಕಾಡುತ್ತಿದ್ದ. "ಇನ್ನೊಂದು ಚೂರು, ಇನ್ನೊಂದು ಚೂರು. ನಿನ್ನ ಚೂರು ಮುಗಿಯೋದು ಯಾವಾಗ ಮಾರಾಯ್ತಿ? ನಾನು ಸತ್ತ ಮೇಲಾ?"

ಸುಮ್ಮನೆ ನಿಂತು ಕೈ ಆಡಿಸುವುದು ಒಂದು ಕೆಲಸವೇ ಅನ್ನುವವರು ಒಂದು ದಿನ ನಿಂತು ನೋಡಲಿ. ಬೆಳಗಿನಿಂದ ಸಂಜೆವರೆಗೆ ಬಿಸಿಲಿಗೆ ಮುಖ ಕೊಟ್ಟು ಕತ್ತೆತ್ತಿರಬೇಕು. ನನ್ನ ಕತ್ತು ಈಗ ಪೂರ್ತಿ ಬಗ್ಗುವುದಿಲ್ಲ. ಒಲೆಯ ಮುಂದೆ ಕೂತರೂ ತಲೆ ಮೇಲೇ ಇರುತ್ತದೆ. ನಾವು ಚಿತ್ರ ಬರೆಯುವ ಕಟ್ಟಡಗಳಲ್ಲಿ ನಮ್ಮನ್ನು ಕಕ್ಕಸಿಗೆ ಬಿಡುವುದಿಲ್ಲ. ಬಣ್ಣದ ಕಾಲು ಒಳಗಿಡಬೇಡ ಅನ್ನುತ್ತಾರೆ. ಅವನು ಮೇಲೆ ತಡೆದುಕೊಂಡು ಕೂರುತ್ತಿದ್ದ, ನಾನು ಕೆಳಗೆ ತಡೆದುಕೊಂಡು ನಿಲ್ಲುತ್ತಿದ್ದೆ. ಹೊರಗೋಡೆಯ ತುಂಬ ಅವರ ನಾಯಕರನ್ನು ನಾವು ಬರೆಯಬಹುದು, ಒಳಗೋಡೆಯನ್ನು ಮುಟ್ಟಬಾರದು.

ಈ ಗೋಡೆ ಆ ಚೌಕದಲ್ಲೇ ದೊಡ್ಡದು. ನಾಯಕರ ಮುಖ, ಕೆಳಗೆ ದೊಡ್ಡ ಅಕ್ಷರದಲ್ಲಿ 'ನಾಯಕರ ನೋಟ ನಾಳೆಯತ್ತ'. ನಮ್ಮ ಕೆಲಸದಲ್ಲಿ ಕಣ್ಣನ್ನು ಕೊನೆಗೆ ಬರೆಯುತ್ತೇವೆ. ಮುಖವೆಲ್ಲ ಮುಗಿದಿರಬೇಕು, ಆಮೇಲೆ ಪಾಪೆ. ಪಾಪೆ ಬೆರಳಷ್ಟು ಅತ್ತಿತ್ತ ಆದರೂ ಆಳು ಬೇರೆಯೇ ಆಗಿಬಿಡುತ್ತಾನೆ. ಬಲಗಣ್ಣು ಮುಗಿದಿತ್ತು. ದೂರದಲ್ಲೆಲ್ಲೋ ಇರುವ ನಾಳೆಯನ್ನು ನೆಟ್ಟಗೆ ನೋಡುತ್ತಿತ್ತು. ಎಡಗಣ್ಣಿಗೆ ಬಿಳಿ ಬಳಿದಿತ್ತು, ಪಾಪೆ ಬಾಕಿ ಇತ್ತು.

ಅವತ್ತು ಬೆಳಿಗ್ಗೆ ಅವನು ಹಗ್ಗವನ್ನು ಕೈಯಲ್ಲಿ ಉಜ್ಜಿ ನೋಡಿದ. ನಾರು ಬಿಟ್ಟಿತ್ತು. ಗುತ್ತಿಗೆದಾರನ ಹತ್ತಿರ ಹೋಗಿ ಹೇಳಿದ. ಹೊಸ ಹಗ್ಗ ವೇದಿಕೆ ಕಟ್ಟೋಕೆ ಬೇಕು, ಇವತ್ತೊಂದು ದಿನ ಇದರಲ್ಲೇ ಸುಧಾರಿಸು, ಒಂದು ಕಣ್ಣು ತಾನೇ ಅಂದ ಗುತ್ತಿಗೆದಾರ. ಇವನು ಎರಡನೇ ಸಲ ಹೇಳಿದ. ಹತ್ತದಿದ್ರೆ ನಾಳೆಯಿಂದ ನೀನೂ ಬರಬೇಡ, ನಿನ್ನ ತಮ್ಮನೂ ಬರಬೇಡ ಅಂದ. ಇವನು ಹತ್ತಿದ.

ವೇದಿಕೆಯ ಮೈಕನ್ನು ಪರೀಕ್ಷೆ ಮಾಡುತ್ತಿದ್ದರು. ಹಲಗೆಯ ಒಂದು ತುದಿ ಕೆಳಗಿಳಿದದ್ದು ನನಗೆ ಕಂಡಿತು. ಅವನ ಮುಖ ಗೋಡೆಯ ಕಡೆಗಿತ್ತು. ನಾನು ಕೂಗಿದೆ. ಮೈಕು ನನಗಿಂತ ಜೋರಾಗಿ ನಾಯಕರಿಗೆ ಜಯವಾಗಲಿ ಅಂತ ಕೂಗಿತು. ಹಗ್ಗ ಹರಿಯಿತು.

ಅವನು ಬಿದ್ದ ಸದ್ದು ನನಗೆ ಕೇಳಲೇ ಇಲ್ಲ. ಕೇಳಿದ್ದು ಡಬ್ಬದ ಸದ್ದು. ಡಬ್ಬವನ್ನು ಬೇರೆ ಸಣ್ಣ ಹುರಿಯಲ್ಲಿ ತಾರಸಿಯಿಂದ ಇಳಿಬಿಟ್ಟಿರುತ್ತೇವೆ. ಅದು ಅಲ್ಲೇ ಉಳಿಯಿತು. ನಾಯಕರ ಕಿವಿಯ ಪಕ್ಕದಲ್ಲಿ ಗಾಳಿಗೆ ಆಡುತ್ತ ಗೋಡೆಗೆ ಬಡಿಯಿತು. ಟಕ್ ಟಕ್.

ಆವತ್ತಿನಿಂದ ಆ ಸದ್ದು ನನ್ನನ್ನು ಬಿಟ್ಟಿಲ್ಲ. ಪಾತ್ರೆ ಮೇಲೆ ಪಾತ್ರೆ ಇಟ್ಟರೆ ಕತ್ತೆತ್ತುತ್ತೇನೆ. ಯಾರೋ ಬಾಗಿಲು ತಟ್ಟಿದರೆ ನನ್ನ ಕೈ ತಾನಾಗಿ ಮೇಲೆ ಹೋಗುತ್ತದೆ.

ಠಾಣೆಯವರು ಬರೆದುಕೊಂಡದ್ದು ಇದು: ಯಾರೋ ಕುಡುಕ, ಬ್ಯಾನರ್ ಬಟ್ಟೆ ಕದಿಯಲು ಹತ್ತಿ ಬಿದ್ದ. ನನ್ನ ಗಂಡ ಕುಡಿಯುತ್ತಿದ್ದ, ನಾನೇಕೆ ಸುಳ್ಳು ಹೇಳಲಿ. ಹತ್ತುವ ದಿನ ಮಾತ್ರ ಮುಟ್ಟುತ್ತಿರಲಿಲ್ಲ. ಅವನದೇ ಬಣ್ಣ ಅವನ ಉಗುರಿನ ಸಂದಿಯಲ್ಲಿತ್ತು, ಅಂಗಿಯ ಮೇಲಿತ್ತು, ಹುಬ್ಬಿನ ಮೇಲಿತ್ತು. ನಾಯಕರ ಕೆನ್ನೆಗೆ ಹಚ್ಚಿದ ಬಣ್ಣವನ್ನೇ ಮೈಗೆ ಮೆತ್ತಿಕೊಂಡ ಹೆಣವನ್ನು ಕಳ್ಳ ಅಂದರು. ಗುತ್ತಿಗೆದಾರ ಅಲ್ಲೇ ನಿಂತಿದ್ದ. ಇವನು ಯಾರೋ ನಮಗೆ ಗೊತ್ತಿಲ್ಲ ಅಂದ.

ಹಾಗಂದವನೇ ಮಾರನೇ ದಿನ ನಮ್ಮ ಮನೆಗೆ ಬಂದ.

ನಮ್ಮದು ಒಂದೇ ಕೋಣೆ. ನಾನು, ಅತ್ತೆ, ಮೈದುನ. ಮೈದುನನೂ ಗೋಡೆಯವನೇ, ಅಣ್ಣನ ಕೈಯಲ್ಲೇ ಕಲಿತವನು. ಗುತ್ತಿಗೆದಾರ ಹೊಸಿಲಲ್ಲೇ ನಿಂತ, ಮೂಗಿಗೆ ಕರವಸ್ತ್ರ ಹಿಡಿದಿದ್ದ. ನಮ್ಮ ಕೋಣೆಯಲ್ಲಿ ಯಾವಾಗಲೂ ಟರ್ಪೆಂಟೈನ್ ವಾಸನೆ. ಅವನಿಗೆ ಗೋಡೆ ಬರೆದುಕೊಟ್ಟೇ ಬಂದ ವಾಸನೆ ಅದು.

"ನೋಡಮ್ಮ, ಆಗಬಾರದ್ದು ಆಗಿಹೋಯ್ತು. ನಾಳೆ ಸಂಜೆ ನಾಯಕರು ಬರ್ತಾರೆ. ಒಂದು ಕಣ್ಣು ಬಾಕಿ ಇದೆ. ಕುರುಡನ ಥರ ಕಾಣುತ್ತೆ ಅಂತ ಮೇಲಿನವರು ನನ್ನ ಜೀವ ತಿಂತಿದಾರೆ. ತಮ್ಮ ಹತ್ತಲಿ, ನೀನು ಕೆಳಗೆ ನಿಂತ್ಕೋ. ಅರ್ಧ ಗಂಟೆ ಕೆಲಸ."

ಅತ್ತೆ ಮೂಲೆಯಲ್ಲಿ ಮಗನ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಆಗಬಾರದ್ದು ತಾನಾಗಿ ಆಯ್ತಾ ಸ್ವಾಮಿ?" ಅಂದಳು. "ಮಳೆ ಬಂದ ಹಾಗೆ?"

ಅವನು ಅವಳ ಕಡೆ ತಿರುಗಲಿಲ್ಲ.

"ನನಗೆ ಬೇರೇನೂ ಬೇಡ" ಅಂದೆ. "ಅವರು ನಿಮ್ಮ ಕೆಲಸ ಮಾಡ್ತಾ ಸತ್ರು ಅಂತ ನಾಲ್ಕು ಜನರ ಮುಂದೆ ಒಂದು ಮಾತು ಹೇಳಿ. ಕಳ್ಳ ಅಲ್ಲ ಅಂತ ಹೇಳಿ. ಕಣ್ಣು ಬರೆದುಕೊಡ್ತೀವಿ."

"ಅದನ್ನ ಆಮೇಲೆ ನೋಡೋಣ. ಮೊದ್ಲು ಕಣ್ಣಾಗ್ಲಿ."

"ಆಮೇಲೆ ಅಂದ್ರೆ ಯಾವಾಗ?"

"ಏನಮ್ಮ, ನನಗೇ ಪಾಠ ಹೇಳ್ತೀಯಾ?" ಕರವಸ್ತ್ರ ಮೂಗಿನಿಂದ ಕೆಳಗಿಳಿಯಿತು. "ಬರದಿದ್ರೆ ಬಿಡಿ. ಈ ಊರಲ್ಲಿ ಇನ್ನೊಂದು ಗೋಡೆ ನಿಮಗೆ ಸಿಕ್ಕಿದ್ರೆ ಕೇಳಿ."

ಅವನು ಹೋದ ಮೇಲೆ ಮೈದುನ ಗೋಡೆಗೊರಗಿ ಕೂತ. "ನಾನು ಹತ್ತಲ್ಲ ಅತ್ತಿಗೆ. ಅಣ್ಣ ಕೂತಿದ್ದ ಜಾಗದಲ್ಲಿ ಹೋಗಿ ಹೇಗೆ ಕೂರಲಿ?"

ಅತ್ತೆಯೇ ಹೇಳಿದ್ದು. "ಹತ್ತು. ಅಣ್ಣ ಅರ್ಧಕ್ಕೆ ಬಿಟ್ಟ ಕೆಲಸ ಬೇರೆ ಯಾರ ಕೈಗೂ ಹೋಗಬಾರದು. ಅವನು ಬರೆದ ಮುಖ ಅದು, ಅವನ ಮನೆಯವರೇ ಮುಗಿಸಲಿ. ಆಮೇಲೆ ಆ ಗೋಡೆ ಕಡೆ ಉಗುಳ್ಬೇಡಿ ಕೂಡ."

ಹಾಗೆ ನಾವು ಬಂದೆವು. ಈ ಸಲ ಹೊಸ ಹಗ್ಗ ಕೊಟ್ಟಿದ್ದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾನು ಕೆಲಸ ಮುಗಿಸಿ ಹೋಗುವ ಮನಸ್ಸಿನಲ್ಲೇ ಇದ್ದೆ, ಆಣೆ ಮಾಡಿ ಹೇಳುತ್ತೇನೆ. ಕುಂಡಗಳನ್ನು ನೋಡುವವರೆಗೆ.

ರಕ್ತ ಕಂಡಿದ್ದರೆ ಅಳುತ್ತಿದ್ದೆನೇನೋ. ಬರೀ ಕಲ್ಲು ಕಂಡಿದ್ದರೆ ಸುಮ್ಮನಿರುತ್ತಿದ್ದೆ. ಆ ಹೂವು ನೋಡಿ ಸುಮ್ಮನಿರಲು ಆಗಲಿಲ್ಲ. ಅವನು ಸತ್ತದ್ದನ್ನು ಸುಳ್ಳು ಮಾಡಿದರು, ಸತ್ತ ಜಾಗವನ್ನೂ ಇಲ್ಲವೆನಿಸಿ ಮೇಲೆ ಅಲಂಕಾರ ಮಾಡಿದರು. ಒಬ್ಬ ಹುಡುಗಿ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಅವಳಿಗೇನು ಗೊತ್ತು, ಪಾಪ.

ಮೇಲಿನಿಂದ ಸದ್ದು ಬಂತು. ಟಕ್ ಟಕ್.

ಮೈದುನನದೋ, ಅವನ ಪಕ್ಕದಲ್ಲಿ ಇನ್ನೂ ನೇತಾಡುತ್ತಿದ್ದ ಅಣ್ಣನ ಡಬ್ಬದ್ದೋ ನನಗೆ ತಿಳಿಯಲಿಲ್ಲ. ಕತ್ತೆತ್ತಿ ನೋಡಿದೆ. ಮೈದುನ ಪಾಪೆಯ ಗುರುತು ಹಾಕಿ ನನ್ನ ಕಡೆ ಹೊರಳಿದ್ದ. ಗುರುತು ಸರಿಯಾದ ಜಾಗದಲ್ಲೇ ಇತ್ತು. ನಾನು ಎದೆಯ ಮೇಲೆ ಕೈ ಇಟ್ಟುಬಿಟ್ಟರೆ ಸಾಕಿತ್ತು.

ನಾನು ಅಂಗೈ ತಗ್ಗಿಸಿದೆ. ಕೆಳಕ್ಕೆ.

ಅವನು ಒಂದು ಚೂರು ಇಳಿಸಿ ಮತ್ತೆ ಬಡಿದ. ನಾನು ಮತ್ತೆ ಅಂಗೈ ತಗ್ಗಿಸಿದೆ. ಅವನ ಕೈ ನಿಂತಿತು. ಗೋಡೆಯವನಿಗೆ ಮುಖ ಕಾಣದಿರಬಹುದು, ಲೆಕ್ಕ ತಪ್ಪಿದ್ದು ಕೈಗೆ ಗೊತ್ತಾಗುತ್ತದೆ. ಅವನು ನನ್ನನ್ನೇ ನೋಡಿದ. ಆಮೇಲೆ ತನ್ನ ಕಾಲ ಸಂದಿಯಿಂದ ನೇರ ಕೆಳಗೆ ನೋಡಿದ. ಬಹಳ ಹೊತ್ತು ನೋಡಿದ. ಅವನು ಇಳಿದುಬಿಡುತ್ತಾನೆ ಅಂದುಕೊಂಡೆ. ಇಳಿದಿದ್ದರೆ ನಾನು ತಪ್ಪು ಹಿಡಿಯುತ್ತಿರಲಿಲ್ಲ, ನೇತಾಡುತ್ತಿದ್ದದ್ದು ಅವನ ಜೀವ.

ಅವನು ಬ್ರಷ್ಷನ್ನು ಕಪ್ಪು ಬಣ್ಣದಲ್ಲಿ ಅದ್ದಿದ.

ಗುತ್ತಿಗೆದಾರ ವೇದಿಕೆಯ ಹತ್ತಿರ ಕುರ್ಚಿ ಹಾಕಿಸುವುದರಲ್ಲಿ ಮುಳುಗಿದ್ದ. ಗೋಡೆಯ ಬುಡದಲ್ಲಿ ನಿಂತವರಿಗೆ ಗಲ್ಲ ಬಿಟ್ಟು ಬೇರೇನೂ ಕಾಣುವುದಿಲ್ಲ. ಟೀ ಅಂಗಡಿಯವನೊಬ್ಬನಿಗೆ ಮಾತ್ರ ಎಲ್ಲ ಕಾಣುತ್ತಿತ್ತು. ಎಷ್ಟೋ ವರ್ಷದಿಂದ ನನ್ನ ಸನ್ನೆ ನೋಡಿ ನೋಡಿ ಅವನಿಗೆ ಅದೆಲ್ಲ ಬಾಯಿಪಾಠ. ಗಾಜಿನ ಲೋಟ ತೊಳೆಯುತ್ತಿದ್ದ ಕೈ ಹಾಗೇ ನಿಂತಿತು.

"ಏನ್ ಮಾಡ್ತಿದೀಯಮ್ಮ?" ಅಂದ ಮೆಲ್ಲಗೆ.

"ಕಣ್ಣು ಬರೆಸ್ತಿದೀನಿ."

"ಅದು ಕೆಳಗೆ ನೋಡ್ತಿದೆಯಲ್ಲ."

"ನೋಡಲಿ."

ಅವನು ಒಂದು ಲೋಟ ಟೀ ತಂದು ನನ್ನ ಕಾಲ ಬಳಿ ಇಟ್ಟು ಹೋದ. ನಾನು ಕೈ ಎತ್ತಿ ಅಲ್ಲಾಡಿಸಿದೆ, ಇನ್ನೊಂದು ಚೂರು. ಆಮೇಲೆ ಎರಡೂ ಕೈಯನ್ನು ಎದೆಯ ಮೇಲಿಟ್ಟೆ.

ಸಂಜೆ ಜನ ಸೇರಿತು. ನಾಯಕರ ಕಾರುಗಳು ಬಂದವು. ವೇದಿಕೆಯ ಹಿಂದೆ ನಾಲ್ಕು ಮಹಡಿಯ ಮುಖ. ಬಲಗಣ್ಣು ನಾಳೆಯತ್ತ, ಎಡಗಣ್ಣು ಫುಟ್‌ಪಾತಿನತ್ತ. ಮೊದಲು ನಡುವಿನ ಸಾಲಿನ ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಹಿಂದಿನಿಂದ ಯಾರೋ ಕಿಸಕ್ಕೆಂದರು. ನಗು ಅಂಟುಜಾಡ್ಯ, ಸಾಲಿನಿಂದ ಸಾಲಿಗೆ ಹರಡಿತು. ನಾಯಕರು ನಾಳೆಯ ಬಗ್ಗೆ ಮಾತಾಡುತ್ತಿದ್ದರು. ನಾಳೆ ಅಂದಾಗಲೆಲ್ಲ ಜನ ಮೇಲೆ ನೋಡುವುದು, ಆಮೇಲೆ ಕೆಳಗೆ ನೋಡುವುದು, ನಗುವುದು. ನಾಯಕರು ಎರಡು ಮೂರು ಸಲ ತಿರುಗಿ ನೋಡಿದರು. ಅಷ್ಟು ಹತ್ತಿರದಿಂದ ಅವರಿಗೆ ಅವರದೇ ಗಲ್ಲ ಬಿಟ್ಟು ಏನೂ ಕಾಣಲಿಲ್ಲ. ಸುಮ್ಮನಾದಾಗಲೆಲ್ಲ ಗಾಳಿಗೆ ಡಬ್ಬ ಬಡಿಯುತ್ತಿತ್ತು, ಮೈಕು ಅದನ್ನು ಹಿಡಿದು ಚೌಕಕ್ಕೆಲ್ಲ ಕೇಳಿಸುತ್ತಿತ್ತು. ಟಕ್ ಟಕ್.

ಆಗ ಯಾರೋ ಕೇಳಿದರು, "ಅಲ್ಲ, ಅಲ್ಲೇನಿದೆ ಅಂತ ನೋಡ್ತಿದಾರೆ ಇವ್ರು?"

ಟೀ ಅಂಗಡಿಯವನು ಹೇಳಿದ, "ಕುಂಡದ ಕೆಳಗೆ ನೋಡಿ."

ಒಬ್ಬ ಹೋಗಿ ಕುಂಡ ಸರಿಸಿದ. ಕಲ್ಲಿನ ಸಂದಿ ಕಂದುಬಣ್ಣವಾಗಿತ್ತು. ಹತ್ತಿರದವರ ನಗು ಅಲ್ಲಿಗೇ ನಿಂತಿತು. ನಾನು ರಸ್ತೆ ದಾಟಿ ಹೋಗಿ ಹೇಳಿದೆ. ನನ್ನ ಗಂಡ. ಈ ಮುಖ ಬರೆದವನು. ಹಗ್ಗ ಹಳೆಯದು. ಅಷ್ಟೇ ಹೇಳಿದೆ. ಕೇಳಿದವರಿಗೆಲ್ಲ ಅಷ್ಟನ್ನೇ ಹೇಳಿದೆ.

ಮಾರನೇ ಬೆಳಿಗ್ಗೆ ಮೈದುನನನ್ನು ಠಾಣೆಗೆ ಎಳೆದುಕೊಂಡು ಹೋದರು. ನಾನು ಹಿಂದೆಯೇ ಹೋದೆ. ನಾನೇ ಸನ್ನೆ ಮಾಡಿದ್ದು, ನನ್ನನ್ನು ಒಳಗೆ ಹಾಕಿ ಅಂದೆ. ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡ.

"ನಾಯಕರಿಗೆ ಅವಮಾನ ಮಾಡಿದೀರಿ."

"ಏನ್ ಮಾಡಿದೀವಿ ಸಾರ್? ಕೊಂಬು ಬರೆದ್ವಾ? ಬೈಗುಳ ಬರೆದ್ವಾ?"

"ಮೆಳ್ಳೆಗಣ್ಣು ಬರೆದಿದೀರಿ!"

"ಕೆಳಗೆ ನೋಡೋ ಕಣ್ಣು ಸಾರ್. ದೊಡ್ಡೋರು ಒಂದು ಕಣ್ಣಲ್ಲಾದ್ರೂ ಕೆಳಗಿನವರನ್ನ ನೋಡ್ಲಿ ಅಂತ."

ಒಬ್ಬ ಪೇದೆ ನಗು ತಡೆಯಲಾರದೆ ಹೊರಗೆ ಎದ್ದು ಹೋದ. ಇನ್ಸ್‌ಪೆಕ್ಟರ್ ನಗಲಿಲ್ಲ. ಮೈದುನನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ನಾನು ಬೆಂಚಿನ ಮೇಲೆ ಕೂತಿದ್ದೆ. ಲಾಠಿ ಬೀಳುವ ಸದ್ದು ಕೇಳುತ್ತಿತ್ತು. ಅವನು ಕೂಗಲಿಲ್ಲ. ಬಿಟ್ಟು ಕಳಿಸಿದಾಗ ಬಲಗೈ ಬೆರಳುಗಳು ಊದಿ ಬದನೆಕಾಯಿಯಾಗಿದ್ದವು. ದಾರಿಯಲ್ಲಿ ನಾನು ಅತ್ತುಬಿಟ್ಟೆ. ಗಂಡನ ಹೆಣದ ಮುಂದೆ ಬಾರದ ಅಳು ಆಗ ಬಂತು.

"ನಿನ್ನ ಕೈ ಹಾಳು ಮಾಡ್ದೆ ಕಣೋ."

"ಎರಡನೇ ಸಲ ಕೈ ಇಳಿಸಿದಾಗ್ಲೇ ನಂಗೆ ಗೊತ್ತಾಯ್ತು ಅತ್ತಿಗೆ."

"ಮತ್ತೆ ಯಾಕೆ ಬರೆದೆ?"

"ಕೆಳಗೆ ನೋಡ್ದೆ. ಕುಂಡ ಕಾಣಿಸ್ತು" ಅಂದ. "ಅಣ್ಣನ ತಲೆ ಇದ್ದಲ್ಲಿ ಹಳದಿ ಹೂವು ಇಟ್ಟಿದ್ರು."

ಊದಿದ ಬೆರಳನ್ನು ಅತ್ತೆ ಬಿಸಿನೀರಿನಲ್ಲಿ ಅದ್ದಿಸಿದಳು. ಗೋಡೆಯ ಕೆಲಸದವರು ಒಬ್ಬೊಬ್ಬರೇ ನೋಡಲು ಬಂದರು. ಅಕ್ಷರ ಬರೆಯುವವರು, ಅಂಗಡಿ ಬೋರ್ಡು ಬರೆಯುವವರು, ಪೋಸ್ಟರ್ ಅಂಟಿಸುವ ಹೆಂಗಸರು. ಬೆರಳು ನೋಡಿದರು. ಎದ್ದು ಹೋದರು. ನಾನು ಅವರನ್ನು ಏನೂ ಕೇಳಿರಲಿಲ್ಲ, ಇದನ್ನು ಆಮೇಲೆ ಠಾಣೆಯವರು ಕೇಳಿದಾಗಲೂ ಹೇಳಿದ್ದೇನೆ.

ಊರಲ್ಲಿ ನಾಯಕರ ಪೋಸ್ಟರಿಲ್ಲದ ಗೋಡೆಯಿಲ್ಲ. ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಕಾಂಪೌಂಡಿನಲ್ಲಿ, ಮೀನಿನ ಮಾರುಕಟ್ಟೆಯಲ್ಲಿ, ಎಲ್ಲ ಕಡೆ ಅದೇ ಮುಖ, ಅದೇ ನಾಳೆ. ಆ ವಾರದಲ್ಲಿ ಅವುಗಳ ಕಣ್ಣು ತಿರುಗತೊಡಗಿತು. ಯಾರೋ ಹಳೆಯ ಪಾಪೆಯ ಮೇಲೆ ಬಿಳಿ ಹಚ್ಚಿ, ಪಕ್ಕದಲ್ಲಿ ಕಪ್ಪಿಟ್ಟಿದ್ದರು. ಬೆರಳಷ್ಟು ಕೆಲಸ. ಬಸ್ ನಿಲ್ದಾಣದ ನಾಯಕರು ಎಡಕ್ಕೆ ನೋಡಿದರು. ಎಡಕ್ಕೆ ಹೋದರೆ ಆಸ್ಪತ್ರೆ. ಅಲ್ಲಿಯ ನಾಯಕರು ಬಲಕ್ಕೆ ನೋಡಿದರು. ಬಲಕ್ಕೆ ತಿರುಗಿದರೆ ಮಾರುಕಟ್ಟೆ. ಹಾಗೆ ಕಣ್ಣಿನಿಂದ ಕಣ್ಣಿಗೆ ನಡೆಯುತ್ತ ಹೋದರೆ ಕೊನೆಗೆ ನಮ್ಮ ಚೌಕ, ನಮ್ಮ ಗೋಡೆ, ಕುಂಡ. ಹೊಸಬರಿಗೆ ದಾರಿ ಕೇಳುವ ಅಗತ್ಯವೇ ಇರಲಿಲ್ಲ, ನಾಯಕರೇ ಮುಂದೆ ನಿಂತು ತೋರಿಸುತ್ತಿದ್ದರು.

ಜನ ಬಂದರು. ನಗುತ್ತ ಬಂದವರು ಕುಂಡ ಸರಿಸಿ ಸುಮ್ಮನಾದರು. ಕುಂಡವನ್ನು ದಿನವೂ ಯಾರೋ ಮತ್ತೆ ಅಲ್ಲಿಗೇ ತಳ್ಳುತ್ತಿದ್ದರು, ದಿನವೂ ಯಾರೋ ಸರಿಸುತ್ತಿದ್ದರು. ಪೋಸ್ಟರುಗಳ ಕಣ್ಣಿಗೆ ಪೊಲೀಸರು ಬಿಳಿ ಕಾಗದ ಅಂಟಿಸಿದರು. ಅದರಿಂದ ನಾಯಕರು ಊರ ತುಂಬ ಕುರುಡರಾದರು. ಕುರುಡು ಕಣ್ಣಿಗಿಂತ ಮೆಳ್ಳೆಗಣ್ಣೇ ವಾಸಿಯೆಂದು ಆಮೇಲೆ ಕಾಗದ ಕಿತ್ತರಂತೆ.

ನನಗೆ ಇದರಿಂದ ಸಂತೋಷವಾಯಿತಾ ಅಂತ ಕೇಳಿದರೆ, ಇಲ್ಲ. ಊರೆಲ್ಲ ಅವನು ಸತ್ತ ಕಡೆ ನೋಡುತ್ತಿತ್ತು. ನಾನು ಎಲ್ಲಿ ನಡೆದರೂ ಆ ಕಣ್ಣುಗಳು ನನ್ನನ್ನು ಅಲ್ಲಿಗೇ ತಳ್ಳುತ್ತಿದ್ದವು. ತರಕಾರಿ ತರಲು ಹೋದರೂ ಅಲ್ಲಿಗೇ. ನೀರು ತರಲು ಹೋದರೂ ಅಲ್ಲಿಗೇ.

ಒಂದು ಮಧ್ಯಾಹ್ನ ಬೇರೆ ಬಡಾವಣೆಯ ಹೆಂಗಸೊಬ್ಬಳು ಬಂದಳು. ಗಾರೆ ಹೊರುವವಳು, ತಲೆಯ ಮೇಲೆ ಸಿಂಬೆಯ ಗುರುತು ಕೂತಿತ್ತು. ಕುಂಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ಆ ಕಲ್ಲನ್ನು ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಮಗ ಇವರ ಸೇತುವೆ ಕೆಲಸದಲ್ಲಿ ಹೋದ. ಅವನೂ ಕುಡುಕ ಅಂತೆ. ಅವನೂ ಯಾರೋ ಗೊತ್ತಿಲ್ವಂತೆ." ಕತ್ತೆತ್ತಿ ಗೋಡೆ ನೋಡಿದಳು. "ಅಲ್ಲಿಗೂ ಒಂದು ಕಣ್ಣು ತಿರುಗಿಸಿಕೊಡ್ತೀಯಾ ತಂಗಿ?"

ನಾನು ಅವಳ ಪಕ್ಕದಲ್ಲಿ ಕೂತೆ.

ಮಾರನೇ ದಿನವೂ ಬಂದು ಅವಳು ನನ್ನ ಜೊತೆ ಟೀ ಅಂಗಡಿಯ ಮುಂದೆ ನಿಂತಿದ್ದಳು. ಅವತ್ತು ಗುತ್ತಿಗೆದಾರ ಪರ ಊರಿನಿಂದ ಒಬ್ಬ ಪೇಂಟರನನ್ನು ಕರೆತಂದ. ಊರಿನವರು ಯಾರೂ ಹತ್ತಲು ಒಪ್ಪಿರಲಿಲ್ಲ. ಬಂದವನು ವಯಸ್ಸಾದವನು, ಬೆನ್ನು ಬಾಗಿತ್ತು. ಕಣ್ಣನ್ನು ಸರಿ ಮಾಡಬೇಕು, ಇಷ್ಟೇ ಅಂತ ಹೇಳಿ ಕರೆಸಿದ್ದರು. ಇನ್ಸ್‌ಪೆಕ್ಟರೂ ಜೊತೆಗೆ ಬಂದಿದ್ದ. ಬೆಳಗಿನ ಹೊತ್ತು, ಅಂಗಡಿಗಳೆಲ್ಲ ತೆರೆದಿದ್ದವು. ಚೌಕದ ತುಂಬ ಜನ.

ಪೇಂಟರ್ ರಸ್ತೆ ದಾಟಿ ನಮ್ಮ ಬದಿಗೆ ಬಂದ. ಕೆಲಸಕ್ಕೆ ಮೊದಲು ಮುಖವನ್ನು ದೂರದಿಂದ ನೋಡಬೇಕಲ್ಲ. ನೋಡಿದ. ಅವನ ಮುಖದಲ್ಲಿ ನಗು ಬಂದು ಹೋಯಿತು.

"ಇಲ್ಲಿ ಕೆಳಗೆ ನಿಲ್ಲೋರು ಯಾರು?" ಅಂತ ಕೇಳಿದ.

ಗುತ್ತಿಗೆದಾರ ನನ್ನ ಕಡೆ ಬೆರಳು ಮಾಡಿದ. "ನಿಂತ್ಕೋ. ಕೆಡಿಸಿದವಳೇ ಸರಿ ಮಾಡ್ಸು. ಇವತ್ತು ಕೈ ತಪ್ಪಿದ್ರೆ ಇಬ್ರೂ ಒಳಗೆ ಹೋಗ್ತೀರಿ."

ಪೇಂಟರ್ ನನ್ನನ್ನು ನೋಡಿದ. ಕೇಳಬೇಕಾದದ್ದನ್ನು ಬಾಯಿಬಿಟ್ಟು ಕೇಳಲಿಲ್ಲ. ಕೈಯಲ್ಲಿದ್ದ ಬ್ರಷ್ಷಿನ ಹಿಡಿಯಿಂದ ತನ್ನ ಡಬ್ಬಕ್ಕೆ ಎರಡು ಸಲ ಬಡಿದ. ಎಲ್ಲ ಊರಿನ ಗೋಡೆಯವರಿಗೂ ಅದೊಂದೇ ಪ್ರಶ್ನೆ.

ನಾನು ಎರಡೂ ಕೈಯನ್ನು ಎದೆಯ ಮೇಲಿಟ್ಟೆ.

ನನ್ನ ಹಿಂದೆ ಲೋಟಗಳ ಸದ್ದು ನಿಂತಿತು. ಟೀ ಅಂಗಡಿಯವನು ಒದ್ದೆ ಕೈಯನ್ನು ಎದೆಯ ಮೇಲಿಟ್ಟಿದ್ದ. ಗಾರೆಯವಳು ಅವನನ್ನು ನೋಡಿ ತಾನೂ ಇಟ್ಟಳು. ಆಮೇಲೆ ಟೀ ಕುಡಿಯಲು ಬಂದವರು. ಆಮೇಲೆ ಚೌಕದ ಆ ಬದಿಯವರು. ಅರ್ಧ ಜನರಿಗೆ ಅದರ ಅರ್ಥ ಗೊತ್ತಿರಲಿಲ್ಲವೇನೋ. ಆದರೂ ಇಟ್ಟರು.

"ಸರಿ ಇದೆ ಅಂತಾರೆ" ಅಂದ ಪೇಂಟರ್. "ಸರಿ ಇದ್ದದ್ದನ್ನ ನಾವು ಮುಟ್ಟಲ್ಲ."

"ನಿನ್ನನ್ನ ಕರೆಸಿದ್ದು ಅವರಾ ನಾನಾ?" ಗುತ್ತಿಗೆದಾರ ಹಗ್ಗದ ಸುರುಳಿಯನ್ನು ಅವನ ಕಾಲ ಬಳಿ ಎಸೆದ. "ಹತ್ತು."

ಪೇಂಟರ್ ಹಗ್ಗ ಎತ್ತಿಕೊಂಡ. ಕೈಯಲ್ಲಿ ಸರಿಸುತ್ತ ಬಂದ. ಒಂದು ಕಡೆ ಅವನ ಕೈ ನಿಂತಿತು. ಅಲ್ಲಿ ಗಂಟಿತ್ತು. ನಾನು ಹತ್ತಿರ ಹೋಗಿ ನೋಡಿದೆ. ಹೊಸ ಹಗ್ಗ ನಾಯಕರ ಮುಂದಿನ ಸಭೆಗೆ ಹೋಗಿತ್ತು. ಇದು ಹಳೆಯದು. ಹರಿದ ಎರಡು ತುದಿಯನ್ನು ಸೇರಿಸಿ ಗಂಟು ಹಾಕಿದ್ದರು. ಗಂಟಿನ ಪಕ್ಕದಲ್ಲಿ ಬಣ್ಣ ಮೆತ್ತಿದ ಬೆರಳುಗಳ ಗುರುತು. ನಾಯಕರ ಕೆನ್ನೆಯ ಬಣ್ಣ. ಆ ಬೆರಳು ನನಗೆ ಗೊತ್ತು.

ಗಾರೆಯವಳು ನನ್ನ ರಟ್ಟೆ ಹಿಡಿದುಕೊಂಡಳು.

ಪೇಂಟರ್ ಹಗ್ಗವನ್ನು ನೆಲದ ಮೇಲಿಟ್ಟ. "ಈ ಹಗ್ಗದಲ್ಲಿ ನಾನು ಹತ್ತಲ್ಲ."

"ಹಗ್ಗ ಹಗ್ಗ ಹಗ್ಗ!" ಗುತ್ತಿಗೆದಾರನ ಮುಖ ಕೆಂಪಾಗಿತ್ತು. ಇಷ್ಟು ದಿನದ ನಗು, ಮೇಲಿನವರ ಬೈಗುಳ, ಎಲ್ಲ ನೆತ್ತಿಗೇರಿತ್ತು. "ನಿಮ್ದೆಲ್ಲ ಒಂದೇ ರಾಗ! ಅವನೂ ಹೀಗೇ ಅಂದ, ಹಗ್ಗ ಹಳೇದು, ಹತ್ತಲ್ಲ ಅಂತ. ಹತ್ತಿಸ್ಲಿಲ್ವಾ ನಾನು? ಹೊಟ್ಟೆಗೆ ಹೊಡೀತೀನಿ ಅಂದ ಕೂಡ್ಲೇ ಬಾಯ್ಮುಚ್ಕೊಂಡು ಹತ್ತಲಿಲ್ವಾ?"

ಅವನಿಗೆ ತಾನು ಏನಂದೆ ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಜನರ ಮುಖ ನೋಡಿದ. ಇನ್ಸ್‌ಪೆಕ್ಟರ್ ಕಡೆ ನೋಡಿದ. ಇನ್ಸ್‌ಪೆಕ್ಟರ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

"ಯಾರನ್ನ ಹತ್ತಿಸಿದ್ರಿ?" ಅಂದೆ ನಾನು. "ಆ ಯಾರೋ ಕುಡುಕನನ್ನಾ? ಬ್ಯಾನರ್ ಕಳ್ಳನನ್ನಾ?"

ಅವನು ಕಾರಿನ ಕಡೆ ನಡೆದ. ಯಾರೂ ಅವನ ಮೈ ಮುಟ್ಟಲಿಲ್ಲ, ಒಂದು ಕಲ್ಲೂ ಬೀಳಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡೇ ಜನ ಅವನಿಗೆ ದಾರಿ ಬಿಟ್ಟರು. ನಾಳೆ ಅವನು ಹಾಗೆ ಅಂದೇ ಇಲ್ಲ ಅನ್ನುತ್ತಾನೆ. ನನಗೆ ಗೊತ್ತು. ಅನ್ನಲಿ. ನಾನು ಕೇಳಿದ್ದು ನಾಲ್ಕು ಜನರ ಮುಂದೆ ಒಂದು ಮಾತು, ಕೇಳಿಸಿಕೊಂಡದ್ದು ಇಡೀ ಚೌಕ.

ಪೇಂಟರ್ ರಸ್ತೆ ದಾಟಿ ಹೋಗಿ, ಬಗ್ಗಿ, ಕುಂಡಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಬದಿಗಿಟ್ಟ. ನೆರವಿಗೆ ಯಾರನ್ನೂ ಕರೆಯಲಿಲ್ಲ.

ಗಾಳಿ ಬೀಸಿತು. ಮೇಲೆ, ನಾಯಕರ ಕಿವಿಯ ಪಕ್ಕದಲ್ಲಿ, ನನ್ನ ಗಂಡನ ಡಬ್ಬ ಗೋಡೆಗೆ ಬಡಿಯಿತು. ಟಕ್ ಟಕ್.

ಗಾರೆಯವಳು ನನ್ನ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ. ಅವಳ ಮಗ ಬಿದ್ದ ಸೇತುವೆ ಊರಿನ ಆ ತುದಿಯಲ್ಲಿದೆ. ಅಲ್ಲೂ ನಾಯಕರ ಮುಖವಿದೆ. ಅದರ ಎರಡು ಕಣ್ಣೂ ಇನ್ನೂ ನಾಳೆಯನ್ನೇ ನೋಡುತ್ತಿವೆ.

ಹೇಗಿದೆ ಅಂತ ನನ್ನ ಗಂಡ ಮೇಲಿನಿಂದ ಕೇಳುತ್ತಿದ್ದ. ನಾನು ಕತ್ತೆತ್ತಿ ನೋಡಿದೆ. ಎದೆಯ ಮೇಲಿದ್ದ ಕೈ ತೆಗೆದೆ. ತಲೆಯ ಮೇಲೆತ್ತಿ ಅಲ್ಲಾಡಿಸಿದೆ.

ಇನ್ನೊಂದು ಚೂರು.